ನಮ್ಮ ಇಂಗ್ಲಿಷ್ ತಾಸು: ಪಾಲಕರು ತಿಳಿಯಬೇಕಾದ ನಾಲ್ಕು ಮಾತು



ಈ ಸಲದ ಗೋಡೆ ಪತ್ರಿಕೆಗೆ ಇಂಗ್ಲಿಷ್ ತಾಸಿನ ಬಗ್ಗೆ ಬರೆ ಎಂದು ಅಕ್ಕೋರು ನನಗೆ ಹೇಳಿದರು. ನಾನು ಏಳನೆಯ ತರಗತಿಯವಳು. ನನಗೇನು ಇಂಗ್ಲಿಷ್ ಪೂರಾ ಬರುತ್ತದೆ ಅಂತಲ್ಲ. ಆದರೆ ಹೋದ ಆಗಸ್ಟ್ ತಿಂಗಳಲ್ಲಿ ಇಂಗ್ಲಿಷಿನ ಸಲುವಾಗಿ ನಮ್ಮ ಮನೆಯಲ್ಲಿ ದೊಡ್ಡ ಮಾತೇ ನಡೆಯಿತು. ಅದನ್ನೇ ಮೊದಲು ಹೇಳುತ್ತೇನೆ. ನೀವು ಓದಿ, ಮನೆಗೆ ಹೋಗಿ ಅಪ್ಪ ಅವ್ವನಿಗೂ ಹೇಳಿರಿ.

ಅಪ್ಪ ಹತ್ತಿಗೆ ಹೊಡೆಯುವ ಎಣ್ಣಿ ಬಾಟ್ಲಿ ತಂದಿದ್ದ. ಅದರ ಜೋಡಿ ಬಂದ ಕನ್ನಡ ಚೀಟಿ ಎಲ್ಲೋ ಬಿದ್ದು ಹೋಗಿತ್ತು. ಬಾಟ್ಲಿ ಮೇಲೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷ್ ಇತ್ತು. "ಏನ್ ಬರದಾರ, ಓದವಾ" ಅಂದ. ನಾನು ಜೋರಾಗಿ ಓದಿದೆ: "ಕೀಪ್ ಔಟ್ ಆಫ್ ರೀಚ್ ಆಫ್ ಚಿಲ್ಡ್ರನ್."

ಅಪ್ಪ ಕೇಳಿದ, "ಹಂಗಂದ್ರ?"

ಕೀಪ್ ಅಂದರೆ ಇಡು, ಔಟ್ ಅಂದರೆ ಹೊರಗೆ, ಚಿಲ್ಡ್ರನ್ ಅಂದರೆ ಮಕ್ಕಳು. ಮೂರನ್ನೂ ಕೂಡಿಸಿ ನಾನು, "ಮಕ್ಕಳನ್ನ ಹೊರಗ ಇಡ್ರಿ ಅಂತ ಐತಿ" ಅಂದೆ.

ಅಪ್ಪನಿಗೆ ಸಿಟ್ಟು ಬಂತು. "ಎಣ್ಣಿ ಬಾಟ್ಲಿ ಮ್ಯಾಲ ಮಕ್ಕಳನ್ನ ಹೊರಗ ಇಡ್ರಿ ಅಂತ ಯಾಕ ಬರೀತಾರ? ಏಳು ವರ್ಷ ಸಾಲಿಗೆ ಹೋಗಿ ಕಲ್ತದ್ದು ಇಷ್ಟೇನ? ಬರೂ ವರ್ಷ ಸಣ್ಣಾಂವನ್ನ ಧಾರವಾಡದಾಗ ಇಂಗ್ಲಿಷ್ ಮೀಡಿಯಂ ಸಾಲಿಗೆ ಹಾಕ್ತೀನಿ. ಎಮ್ಮಿ ಮಾರಿದ್ರೂ ಅಡ್ಡಿಯಿಲ್ಲ" ಅಂದ. ಅವ್ವ ಮಾತಾಡಲಿಲ್ಲ. ಆ ಎಮ್ಮೆಯ ಹಾಲಿನ ರೊಕ್ಕದಲ್ಲೇ ನಮ್ಮ ಮನೆಯ ಸಂತೆ ನಡೆಯುತ್ತದೆ.

ಮರುದಿನ ನಾನು ಆ ಸಾಲನ್ನು ಪಾಟಿಯ ಮೇಲೆ ಬರೆದುಕೊಂಡು ಹೋಗಿ ಅಕ್ಕೋರಿಗೆ ತೋರಿಸಿದೆ. ರೀಚ್ ಅಂದರೆ ಕೈಗೆ ಎಟಕುವುದು, ಔಟ್ ಆಫ್ ರೀಚ್ ಅಂದರೆ ಎಟಕದ ಹಾಗೆ ಎಂದು ಅವರು ಬಿಡಿಸಿ ಹೇಳಿದರು. ಅಂದರೆ, "ಮಕ್ಕಳ ಕೈಗೆ ಎಟಕದಂತೆ ಇಡಿರಿ." ನನ್ನ ಎದೆ ಧಸಕ್ಕೆಂದಿತು. ಬಾಟ್ಲಿ ನಮ್ಮ ಗ್ವಾದಲಿಯ ಮೇಲೇ ಇತ್ತು, ತಮ್ಮ ದಿನಾ ಅಲ್ಲೇ ಕರುವಿನ ಜೋಡಿ ಆಡುತ್ತಾನೆ. ಊಟದ ಬಿಡುವಿನಲ್ಲಿ ಓಡಿ ಹೋಗಿ ಅವ್ವನಿಗೆ ಹೇಳಿ ಅದನ್ನು ಕೀಲಿ ಹಾಕುವ ಪೆಟ್ಟಿಗೆಯಲ್ಲಿ ಇಡಿಸಿದೆ.

ಇನ್ನು ವಿಷಯಕ್ಕೆ ಬರುತ್ತೇನೆ.

1) ಓದುವುದು ಬೇರೆ, ತಿಳಿಯುವುದು ಬೇರೆ.

ಕನ್ನಡದಲ್ಲಿ 49 ಅಕ್ಷರ. ಹೇಗೆ ಬರೆದಿದೆಯೋ ಹಾಗೇ ಓದುತ್ತೇವೆ, ಮನೆಯ ಮಾತಾದ್ದರಿಂದ ಓದಿದ ಕೂಡಲೇ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಅಕ್ಷರ 26, ಆದರೆ ಉಚ್ಚಾರದ ಧ್ವನಿಗಳು ಸುಮಾರು 44. ಆದ್ದರಿಂದ ಒಂದೇ ಅಕ್ಷರ ಎರಡು ಮೂರು ಕೆಲಸ ಮಾಡಬೇಕಾಗುತ್ತದೆ. 'ಬಟ್' ಮತ್ತು 'ಪುಟ್' ಎರಡರ ನಡುವೆಯೂ 'ಯು' ಅಕ್ಷರವೇ ಇದೆ, ಓದುವಾಗ ಮಾತ್ರ ಬೇರೆ. 'ನೈಫ್' ಶಬ್ದದ ಮೊದಲಿನ 'ಕೆ' ಓದಲಿಕ್ಕೇ ಇಲ್ಲ.

ಶಬ್ದಗಳ ಸಾಲೂ ಬೇರೆ. ನಾವು "ನಾನು ರೊಟ್ಟಿ ತಿಂದೆ" ಅನ್ನುತ್ತೇವೆ, ಕ್ರಿಯಾಪದ ಕೊನೆಗೆ ಬರುತ್ತದೆ. ಅವರು "ನಾನು ತಿಂದೆ ರೊಟ್ಟಿ" ಎಂಬ ಸಾಲಿನಲ್ಲಿ ಹೇಳುತ್ತಾರೆ. 'ಎ', 'ಆ್ಯನ್', 'ದ' ಎಂಬ ಸಣ್ಣ ಶಬ್ದಗಳಿಗೆ ಕನ್ನಡದಲ್ಲಿ ಜೋಡಿಯೇ ಇಲ್ಲ. ಹೀಗಾಗಿ ಬಿಡಿ ಬಿಡಿ ಶಬ್ದದ ಅರ್ಥ ಬಂದರೂ ಪೂರ್ತಿ ಸಾಲಿನ ಅರ್ಥ ತಪ್ಪುತ್ತದೆ. ನಾನು ತಪ್ಪಿದ್ದೂ ಅಲ್ಲೇ. ಮಗ ಗಿಣಿಯಂತೆ ಪಟಪಟ ಓದಿದ ಎಂದು ಪಾಲಕರು ಹಿಗ್ಗುವುದೂ ಬೇಡ, ಒಂದು ಸಾಲಿನ ಅರ್ಥ ತಪ್ಪಿದ ಎಂದು ದಡ್ಡ ಅನ್ನುವುದೂ ಬೇಡ.

2) ಆರು, ಏಳರಲ್ಲಿ ಇಂಗ್ಲಿಷ್ ಯಾಕೆ ಕಠಿಣವಾಗುತ್ತದೆ?

ನಮ್ಮ ಅಪ್ಪ ಅವ್ವ ಸಾಲಿ ಕಲಿಯುವಾಗ ಸರಕಾರಿ ಶಾಲೆಯಲ್ಲಿ ಎ, ಬಿ, ಸಿ, ಡಿ ಶುರು ಆಗುತ್ತಿದ್ದದ್ದು ಐದನೆಯ ತರಗತಿಯಿಂದ. 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂತು. ಸಣ್ಣ ತರಗತಿಗಳಲ್ಲಿ ಹಾಡು, ಚಿತ್ರ, ಆಟ ಹೆಚ್ಚು. ಆರಕ್ಕೆ ಬಂದಾಗ ಪಾಠ ಉದ್ದವಾಗುತ್ತದೆ, ವ್ಯಾಕರಣ ಹೆಚ್ಚುತ್ತದೆ, ಪ್ರಶ್ನೆಗೆ ಸ್ವಂತ ವಾಕ್ಯದಲ್ಲಿ ಉತ್ತರ ಬರೆಯಬೇಕು. ನಾಲ್ಕರಲ್ಲಿ ಛಲೋ ಅಂಕ ತಂದವರ ಅಂಕ ಇಲ್ಲಿ ಇಳಿಯುವುದುಂಟು. ಹುಡುಗ ಕೆಟ್ಟ ಎಂದು ಅದರ ಅರ್ಥವಲ್ಲ, ಏರು ಬಂದಿದೆ ಎಂದು ಅರ್ಥ. ಏರಿನಲ್ಲಿ ಎತ್ತಿಗೆ ಬಾರಕೋಲಿಂದ ಹೊಡೆಯುವ ಬದಲು ಹಿಂದಿನಿಂದ ಚಕ್ಕಡಿಗೆ ಕೈ ಕೊಡಬೇಕು.

3) ಇಂಗ್ಲಿಷ್ ವಿಷಯ ಬೇರೆ, ಇಂಗ್ಲಿಷ್ ಮಾಧ್ಯಮ ಬೇರೆ.

ಇದು ಬಹಳ ಪಾಲಕರಿಗೆ ಗೊಂದಲ. ನಾವು ಗಣಿತ, ವಿಜ್ಞಾನ, ಸಮಾಜ ವಿಜ್ಞಾನವನ್ನು ಕನ್ನಡದಲ್ಲಿ ಕಲಿಯುತ್ತೇವೆ. ಇಂಗ್ಲಿಷ್ ನಮಗೆ ಒಂದು ಭಾಷಾ ವಿಷಯ. ಎಸ್.ಎಸ್.ಎಲ್.ಸಿ.ಯಲ್ಲಿ ನಮ್ಮಂಥವರಿಗೆ ಕನ್ನಡ ಪ್ರಥಮ ಭಾಷೆ, 125 ಅಂಕ. ಇಂಗ್ಲಿಷ್ ದ್ವಿತೀಯ ಭಾಷೆ, 100 ಅಂಕ. ಮಾಧ್ಯಮ ಅಂದರೆ ಎಲ್ಲ ವಿಷಯವನ್ನೂ ಇಂಗ್ಲಿಷಿನಲ್ಲಿ ಕಲಿಯುವುದು. ಯಾವ ಮಾಧ್ಯಮ ಬೇಕು ಎಂದು ಆರಿಸುವ ಹಕ್ಕು ಪಾಲಕರದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2019-20ರಲ್ಲಿ ಸರಕಾರ ತಾನೇ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಆದ್ದರಿಂದ ಅದು ತಪ್ಪು ಎಂದು ನಾನು ಅನ್ನುವುದಿಲ್ಲ. ಆದರೆ ಮಾಧ್ಯಮ ಬದಲಾದ ಮಾತ್ರಕ್ಕೆ ಇಂಗ್ಲಿಷ್ ತಾನಾಗಿ ಬರುವುದಿಲ್ಲ, ತಿಳಿಯದ ಭಾಷೆಯಲ್ಲಿ ಗಣಿತವೂ ಹಿಂದೆ ಬೀಳಬಹುದು. ಇದನ್ನು ವಿಚಾರ ಮಾಡಿ ಆರಿಸಬೇಕು.

ವಿ.ಕೃ. ಗೋಕಾಕರ ಹೆಸರು ನಮಗೆಲ್ಲ ಗೊತ್ತು. ಅವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕಲಿತು, ಆಕ್ಸ್‌ಫರ್ಡಿಗೆ ಹೋಗಿ ಓದಿ, ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಅವರ ಅಧ್ಯಕ್ಷತೆಯ ಸಮಿತಿಯೇ 1981ರಲ್ಲಿ ಶಾಲೆಗಳಲ್ಲಿ ಕನ್ನಡ ಪ್ರಥಮ ಭಾಷೆ ಆಗಬೇಕೆಂದು ವರದಿ ಕೊಟ್ಟಿತು. ಮುಂದೆ ಕನ್ನಡದಲ್ಲಿ ಬರೆದದ್ದಕ್ಕೆ ಅವರಿಗೆ 1990ರ ಜ್ಞಾನಪೀಠ ಬಂತು. ಇಂಗ್ಲಿಷ್ ಬಂದರೆ ಕನ್ನಡ ಬಿಡಬೇಕು, ಕನ್ನಡದಲ್ಲಿ ಕಲಿತರೆ ಇಂಗ್ಲಿಷ್ ಬಾರದು ಎಂಬ ಎರಡೂ ಮಾತು ಸುಳ್ಳು ಎಂದು ಇದರಿಂದ ತಿಳಿಯುತ್ತದೆ.

4) ತಾಸಿನಲ್ಲಿ ಎಷ್ಟು ಆಗುತ್ತದೆ, ಮನೆಯಲ್ಲಿ ಎಷ್ಟು ಆಗಬೇಕು?

ಲೆಕ್ಕ ಮಾಡಿ ನೋಡಿರಿ. ನಮ್ಮ ತಾಸು 40 ನಿಮಿಷ, ನಾವು 32 ಮಂದಿ. ಅಕ್ಕೋರು ಒಂದು ಮಾತೂ ಆಡದೆ ನಮಗೇ ಬಿಟ್ಟುಕೊಟ್ಟರೂ ಒಬ್ಬೊಬ್ಬರ ಪಾಲಿಗೆ ಒಂದೂಕಾಲು ನಿಮಿಷ. ಅದರಲ್ಲಿ ಹಾಜರಿ, ಬೋರ್ಡಿನ ಮೇಲೆ ಬರೆಯುವುದು, ವಹಿ ತಿದ್ದುವುದು ಎಲ್ಲ ಇದೆ. ಮಾತಾಡುವ ರೂಢಿ ತಾಸಿನಲ್ಲೇ ಆಗಲಿ ಎಂದರೆ ಹೇಗೆ? ಆದ್ದರಿಂದ ಮನೆಯಲ್ಲಿ ಆಗಬೇಕಾದದ್ದು:

ದಿನಾ ಹತ್ತು ನಿಮಿಷ ಮಕ್ಕಳಿಂದ ಜೋರಾಗಿ ಓದಿಸಿ, ಅರ್ಥವನ್ನು ಕನ್ನಡದಲ್ಲಿ ಕೇಳಿರಿ. ಇದಕ್ಕೆ ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ. ಕನ್ನಡದಲ್ಲಿ ಹೇಳಲು ಬಂದರೆ ತಿಳಿದಿದೆ, ತಡವರಿಸಿದರೆ ತಿಳಿದಿಲ್ಲ.

ವಹಿಯಲ್ಲಿ ಕೆಂಪು ಗೆರೆ ಕಂಡರೆ ಬೈಯಬೇಡಿರಿ. ಕೆಂಪು ಗೆರೆ ಇದ್ದರೆ ಅಕ್ಕೋರು ನೋಡಿದ್ದಾರೆ ಎಂದು ಅರ್ಥ. ಗೈಡ್ ನೋಡಿ ಇಳಿಸಿದ ವಹಿಯಲ್ಲಿ ತಪ್ಪೇ ಇರುವುದಿಲ್ಲ, ಕಲಿತದ್ದೂ ಇರುವುದಿಲ್ಲ.

ಬೀಗರು ಬಂದಾಗ "ಇಂಗ್ಲಿಷ್ ಮಾತಾಡಿ ತೋರ್ಸು" ಅನ್ನಬೇಡಿರಿ. ನಾಚಿಕೆಯಿಂದ ಇದ್ದದ್ದೂ ಮರೆತು ಹೋಗುತ್ತದೆ.

ಹೆಸರು ಬಿಡಿಸಲಿಕ್ಕೆ, ಮೆಣಸಿನಕಾಯಿ ಹರಿಯಲಿಕ್ಕೆ ಸಾಲಿ ಬಿಡಿಸಬೇಡಿರಿ. ಒಂದು ವಾರ ತಪ್ಪಿದರೆ ಮುಂದಿನ ಪಾಠದ ದಾರವೇ ಸಿಗುವುದಿಲ್ಲ.

ಪಾಲಕರ ಸಭೆಗೆ ಬಂದು ಕೇಳಿರಿ. ಕೇಳುವುದು ಜಗಳ ಅಲ್ಲ.

ನಮ್ಮ ಅಪ್ಪ ಈ ಸಲ ಸಭೆಗೆ ಬಂದಿದ್ದ. "ಬಾಟ್ಲಿ ಮ್ಯಾಲಿಂದು ನಮ್ಮ ಹುಡುಗಿಗೆ ತಿಳೀಲಿಲ್ಲಲ್ರಿ ಅಕ್ಕೋರ" ಅಂದ. ಅಕ್ಕೋರು ಬೇಸರ ಮಾಡಲಿಲ್ಲ. "ಖರೆ ಐತ್ರಿ. ಮಾತಾಡ್ಸೂದು ನಮ್ಮಲ್ಲೂ ಕಡಿಮಿ ಆಗೇತಿ. ಆದ್ರ ತಿಳೀಲಾರದ್ದನ್ನ ಆಕಿ ಮರುದಿನಾನ ಬಂದು ಕೇಳ್ಯಾಳ. ಕೇಳೂ ಹುಡುಗಿಗೆ ಬರ್ತೈತ್ರಿ" ಅಂದರು. ಅಂದಿನಿಂದ ಶನಿವಾರದ ತಾಸಿಗೆ ನಾವು ಮನೆಯಲ್ಲಿ ಸಿಕ್ಕ ಇಂಗ್ಲಿಷ್ ತರುತ್ತೇವೆ. ಬೀಜದ ಚೀಲ, ಗುಳಿಗೆಯ ಖಾಲಿ ಡಬ್ಬಿ, ಸಾಬಾನಿನ ಕಾಗದ ಎಲ್ಲ ಬರುತ್ತವೆ. ಎಣ್ಣಿ ಬಾಟ್ಲಿ ಮಾತ್ರ ತರುವಂತಿಲ್ಲ, ಅದರ ಮೇಲಿನದನ್ನು ಬರೆದುಕೊಂಡು ಬರಬೇಕು. ಬಾಟ್ಲಿ ಮೇಲಿನ ಬಣ್ಣದ ಗುರುತು ಕಲಿತದ್ದೂ ಹೀಗೇ. ಕೆಂಪು ಎಲ್ಲಕ್ಕಿಂತ ಕಡು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಇದ್ದರೂ ವಿಷವೇ, ಮರೆಯಬೇಡಿರಿ.

ತಮ್ಮನ ಸಾಲಿಯ ಮಾತು ಇನ್ನೂ ಮುಗಿದಿಲ್ಲ. "ಜೂನ್ ತನಕ ನೋಡೂಣು, ಎಮ್ಮಿ ಸದ್ಯಕ್ಕ ಇರಲಿ" ಅಂದಿದ್ದಾನೆ ಅಪ್ಪ. ಈಗ ರಾತ್ರಿ ಊಟ ಆದ ಮೇಲೆ ನಾನೂ ತಮ್ಮನೂ ಓದುತ್ತೇವೆ. ಅಪ್ಪ ಗ್ವಾಡಿಗೆ ಆನಿಕೊಂಡು ಕೇಳುತ್ತಾನೆ. ಪ್ರತಿ ಸಾಲಿಗೂ ಅವನದು ಒಂದೇ ಪ್ರಶ್ನೆ, "ಹಂಗಂದ್ರ?"

ನಿಮ್ಮ ಮನೆಯಲ್ಲೂ ಯಾರಾದರೊಬ್ಬರು ಹೀಗೆ ಕೇಳಲಿ. ಇದರಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು.

ಏಳನೆಯ ತರಗತಿಯ ವಿದ್ಯಾರ್ಥಿನಿ