ಯಾರನ್ನು ಕೇಳಿ ತಿದ್ದಿದಿರಿ?

ಬದನೆ ಬೆಳೆದವರಿಗೆ ಆ ತೂತು ಚೆನ್ನಾಗಿ ಗೊತ್ತು. ಕಾಯಿ ನುಣ್ಣಗೆ ಹೊಳೆಯುತ್ತಿರುತ್ತದೆ. ಎಲ್ಲೋ ಒಂದು ಕಡೆ ಚಿಕ್ಕದೊಂದು ರಂಧ್ರ, ಅದರ ಬಾಯಿಗೆ ಹುಳುವಿನ ಹಿಕ್ಕೆ. ಹೆಚ್ಚಿ ನೋಡಿದರೆ ತಿರುಳೆಲ್ಲ ಕಪ್ಪಾಗಿ, ನಸುಗುಲಾಬಿ ಬಣ್ಣದ ಮರಿಹುಳುವೊಂದು ಒಳಗೆ ಆರಾಮಾಗಿ ಸಂಸಾರ ಹೂಡಿರುತ್ತದೆ. ಕುಡಿ ಮತ್ತು ಕಾಯಿ ಕೊರೆಯುವ ಈ ಹುಳು ಒಮ್ಮೆ ಒಳಹೊಕ್ಕಿತೆಂದರೆ ಯಾವ ಸಿಂಪಡಣೆಯೂ ಅದಕ್ಕೆ ತಾಗದು. ಹಾಗಾಗಿ ಒಳಹೊಗುವ ಮೊದಲೇ ಮುಗಿಸಬೇಕೆಂದು ರೈತರು ಮತ್ತೆ ಮತ್ತೆ ಔಷಧಿ ಹೊಡೆಯುತ್ತಾರೆ. ಕಟಾವಿಗೆ ಎರಡು ದಿನ ಇರುವಾಗಲೂ ಹೊಡೆಯುವವರಿದ್ದಾರೆ. ಎಣ್ಣೆಗಾಯಿ ಬಡಿಸಿಕೊಳ್ಳುವಾಗ ಇದನ್ನೆಲ್ಲ ಯಾರೂ ನೆನೆಯುವುದಿಲ್ಲ, ಅಷ್ಟೇ.

ಈ ಹುಳುವಿಗೆ ಮದ್ದನ್ನು ಗಿಡದೊಳಗೇ ಇಟ್ಟರೆ ಹೇಗೆ ಎಂಬ ಯೋಚನೆಯಿಂದ ಹುಟ್ಟಿದ್ದು ಬಿಟಿ ಬದನೆ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಒಂದು ಬಗೆಯ ಪ್ರೋಟೀನ್ ತಯಾರಿಸುತ್ತದೆ. ಮರಿಹುಳುವಿನ ಕ್ಷಾರೀಯ ಕರುಳಿನಲ್ಲಿ ಅದು ವಿಷವಾಗಿ, ಕರುಳಿನ ಗೋಡೆಯನ್ನೇ ತೂತು ಮಾಡುತ್ತದೆ. ಮನುಷ್ಯನ ಹೊಟ್ಟೆ ಆಮ್ಲೀಯ. ಆ ಪ್ರೋಟೀನ್ ಕಚ್ಚಿಕೊಳ್ಳುವ ಜಾಗವೂ ನಮ್ಮ ಕರುಳಿನಲ್ಲಿಲ್ಲ. ಈ ಪ್ರೋಟೀನಿನ ಜೀನನ್ನು ಮಹಿಕೊ ಕಂಪನಿ ಬದನೆಗೆ ಸೇರಿಸಿತು. ಅಲ್ಲಿಂದ ಅದನ್ನು ನಾಟಿ ತಳಿಗಳಿಗೆ ದಾಟಿಸುವ ಕೆಲಸದಲ್ಲಿ ಕೈಜೋಡಿಸಿದವುಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಒಂದು. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ನ ಹಣ ಈ ಯೋಜನೆಯ ಬೆನ್ನಿಗಿತ್ತು.

ಧಾರವಾಡದವರು ಆರಿಸಿಕೊಂಡ ತಳಿಗಳ ಪಟ್ಟಿಯಲ್ಲಿ ಮಲಾಪುರ, ಕುಡಚಿ, ರಬಕವಿಯ ಊರ ಬದನೆಗಳಿದ್ದವು. ಜೊತೆಗೆ ‘ಉಡುಪಿ ಲೋಕಲ್’ ಎಂಬ ಹೆಸರಿನಲ್ಲಿ ಮಟ್ಟುಗುಳ್ಳವೂ ಇತ್ತು.

ಇಲ್ಲಿಂದ ಕಥೆ ಬೇರೆಯಾಗುತ್ತದೆ. ಕಟಪಾಡಿ ಸಮೀಪದ ಮಟ್ಟು ಗ್ರಾಮದ ಆಸುಪಾಸಿನಲ್ಲಿ, ಸಮುದ್ರಕ್ಕೆ ಅಂಟಿಕೊಂಡ ಗದ್ದೆಗಳಲ್ಲಿ, ಮಳೆಗಾಲದ ಭತ್ತ ಕೊಯ್ದ ಮೇಲೆ ಬೆಳೆಯುವ ಗುಳ್ಳ ಇದು. ತಿಳಿಹಸಿರು ಬಣ್ಣ, ಬಿಳಿ ಗೀರು, ಗುಂಡಗಿನ ಮೈ, ತೊಟ್ಟಿನಲ್ಲಿ ಮುಳ್ಳು. ಸೋದೆ ಮಠದ ವಾದಿರಾಜ ಸ್ವಾಮಿಗಳೇ ಊರವರಿಗೆ ಇದರ ಬೀಜ ಕೊಟ್ಟರೆಂದು ಪ್ರತೀತಿ. ಪರ್ಯಾಯದ ಹೊರೆಕಾಣಿಕೆಯಲ್ಲಿ ಕೃಷ್ಣಮಠಕ್ಕೆ ಗುಳ್ಳ ಹೋಗಲೇಬೇಕು. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಕೂಡ ಸಿಕ್ಕಿತು. ತಲೆಮಾರುಗಳಿಂದ ಬೀಜ ಕಾಪಿಟ್ಟುಕೊಂಡು ಬಂದ ಇಂಥ ಊರಿನವರ ಕಿವಿಗೆ, ನಿಮ್ಮ ಗುಳ್ಳಕ್ಕೆ ಪ್ರಯೋಗಾಲಯದಲ್ಲಿ ಹೊಸ ಜೀನ್ ಸೇರಿದೆ ಎಂಬ ಸುದ್ದಿ ಬಿದ್ದಾಗ ಅವರು ಕೇಳಿದ್ದು ವಿಜ್ಞಾನದ ಪ್ರಶ್ನೆಯನ್ನಲ್ಲ. ಯಾರನ್ನು ಕೇಳಿ ಮಾಡಿದಿರಿ ಎಂದರು.

ಆಗಿನ ಕಾನೂನು ಕೂಡ ಅದನ್ನೇ ಕೇಳುತ್ತಿತ್ತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ವಿದೇಶಿ ಪಾಲುದಾರಿಕೆಯಿರುವ ಕಂಪನಿ ಇಲ್ಲಿನ ತಳಿಯನ್ನು ಮುಟ್ಟುವ ಮೊದಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕಿತ್ತು. ಪ್ರಾಧಿಕಾರವು ಸ್ಥಳೀಯ ಸಮಿತಿಗಳ ಜೊತೆ ಸಮಾಲೋಚಿಸಬೇಕಿತ್ತು. ಮಹಿಕೊದಲ್ಲಿ ಅಮೆರಿಕದ ಬೀಜ ಕಂಪನಿ ಮಾನ್ಸಾಂಟೊದ ಪಾಲಿತ್ತು. ಒಪ್ಪಿಗೆ ಪಡೆದಿಲ್ಲವೆಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರ ಫೆಬ್ರುವರಿಯಲ್ಲಿ ದೂರು ಕೊಟ್ಟಿತು. 2012ರಲ್ಲಿ ಮಹಿಕೊ ಮತ್ತು ವಿಶ್ವವಿದ್ಯಾಲಯದ ಹಿರಿಯರ ಮೇಲೆ ಕ್ರಿಮಿನಲ್ ಮೊಕದ್ದಮೆಯೇ ಹೂಡಲ್ಪಟ್ಟು, ವ್ಯಾಜ್ಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ವಿಶ್ವವಿದ್ಯಾಲಯದ ಕಡೆಗೂ ಹೇಳಿಕೊಳ್ಳಲು ಒಂದು ಮಾತಿತ್ತು, ಅದನ್ನು ತಳ್ಳಿಹಾಕುವಂತಿಲ್ಲ: ಕಂಪನಿಯ ಹೈಬ್ರಿಡ್ ಬೀಜವನ್ನು ಪ್ರತಿವರ್ಷ ಕೊಳ್ಳಬೇಕು, ನಾಟಿ ತಳಿಗೇ ಬಿಟಿ ಸೇರಿಸಿದರೆ ಬಡ ರೈತ ಬೀಜ ಎತ್ತಿಟ್ಟುಕೊಳ್ಳಬಹುದು. ಉದ್ದೇಶ ಒಳ್ಳೆಯದೇ. ಆದರೆ ಮನೆಯವರನ್ನು ಕೇಳದೆ ಮನೆ ರಿಪೇರಿಗೆ ಇಳಿದರೆ ಜಗಳವಾಗದೆ ಇದ್ದೀತೆ?

ಅಷ್ಟರಲ್ಲಿ ದೆಹಲಿಯಲ್ಲಿ ಇನ್ನೊಂದು ಅಧ್ಯಾಯ ನಡೆದಿತ್ತು. ಬೇರೆ ಜೀವಿಯ ಜೀನ್ ಸೇರಿಸಿದ ಕುಲಾಂತರಿಗಳನ್ನು ಪರಿಶೀಲಿಸುವ ಸಮಿತಿ ಜಿಇಎಸಿ 2009ರ ಅಕ್ಟೋಬರ್ 14ರಂದು ಬಿಟಿ ಬದನೆಗೆ ಹಸಿರು ನಿಶಾನೆ ತೋರಿತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಮಾತ್ರ ಸಹಿ ಹಾಕದೆ ಜನರ ಮುಂದೆ ಹೋದರು. ಏಳು ನಗರಗಳಲ್ಲಿ ಬಹಿರಂಗ ಸಭೆ. ಕೊನೆಯದು 2010ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ. ರೈತರು, ವಿಜ್ಞಾನಿಗಳು, ವೈದ್ಯರು, ಮಠದವರು, ಕಂಪನಿಯವರು ಎಲ್ಲರೂ ಕೂಗಾಡಿದರು. ಒಟ್ಟು ಸುಮಾರು 8,000 ಜನ ಈ ಸಭೆಗಳಿಗೆ ಬಂದಿದ್ದರು. ಮೂರು ದಿನ ಬಿಟ್ಟು, ಫೆಬ್ರುವರಿ 9ರಂದು, ಸಚಿವರು ಬಿಟಿ ಬದನೆಯನ್ನು ತಡೆಹಿಡಿದರು. ಗದ್ದಲಕ್ಕೆ ಹೆದರಿ ವಿಜ್ಞಾನವನ್ನು ಬಲಿಕೊಟ್ಟರೆಂದು ಅನೇಕ ವಿಜ್ಞಾನಿಗಳು ಇಂದಿಗೂ ಅವರ ಮೇಲೆ ಸಿಟ್ಟಾಗಿದ್ದಾರೆ. ಆದರೂ ಒಂದು ಬೀಜದ ವಿಷಯಕ್ಕೆ ಸರ್ಕಾರ ಇಷ್ಟು ಜನರ ಮುಂದೆ ಕೂತು ಬೈಸಿಕೊಂಡದ್ದು ಈ ದೇಶದಲ್ಲಿ ಅಪರೂಪ.

ತಡೆ ಬಿದ್ದಿತೆಂದು ಬೀಜ ಸುಮ್ಮನೆ ಕೂರಲಿಲ್ಲ. ಬಾಂಗ್ಲಾದೇಶ 2013ರಲ್ಲಿ ಅದೇ ಬಿಟಿ ಜೀನ್ ಇರುವ ನಾಲ್ಕು ತಳಿಗಳಿಗೆ ಒಪ್ಪಿಗೆ ಕೊಟ್ಟು, ಮರುವರ್ಷ ಮೊದಲಿಗೆ 20 ರೈತರಿಗೆ ಸಸಿ ಹಂಚಿತು. ಈಗ ಅಲ್ಲಿ ಸಾವಿರಾರು ರೈತರು ಬೆಳೆಯುತ್ತಿದ್ದಾರೆ, ಔಷಧಿ ಹೊಡೆಯುವುದು ಕಡಿಮೆಯಾಗಿದೆ. ಇತ್ತ 2019ರಲ್ಲಿ ಹರಿಯಾಣದ ಫತೇಹಾಬಾದ್‌ನ ಹೊಲವೊಂದರಲ್ಲಿ ಕದ್ದುಮುಚ್ಚಿ ಬೆಳೆದ ಬಿಟಿ ಬದನೆ ಸಿಕ್ಕಿಬಿತ್ತು. ಹತ್ತಿಯಲ್ಲೂ ಆದದ್ದು ಹೀಗೆಯೇ. 1998ರಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಾಯೋಗಿಕ ಬೆಳೆಯನ್ನು ಕಿತ್ತು ಸುಟ್ಟಿತು. ತನ್ನ ಹೊಲದಲ್ಲಿ ಬಿತ್ತಿದ್ದು ಎಂಥ ಬೀಜವೆಂದು ತನಗೇ ತಿಳಿಸಿರಲಿಲ್ಲ ಎಂಬುದು ಅಲ್ಲಿನ ರೈತನ ದೂರಾಗಿತ್ತು. ಮೂರೇ ವರ್ಷಕ್ಕೆ, 2001ರಲ್ಲಿ, ಗುಜರಾತಿನ ರೈತರು ಇನ್ನೂ ಅನುಮತಿಯೇ ಸಿಗದ ಬಿಟಿ ಹತ್ತಿಯನ್ನು ಸಾವಿರಾರು ಎಕರೆಯಲ್ಲಿ ಬೆಳೆದು ನಿಂತಿದ್ದರು. ಈಗ ದೇಶದ ಹತ್ತಿ ಪ್ರದೇಶದ ಶೇ 90ಕ್ಕೂ ಹೆಚ್ಚು ಭಾಗ ಬಿಟಿ. ಗುಲಾಬಿ ಕಾಯಿಕೊರಕ ಮಾತ್ರ ಅದನ್ನೂ ಅರಗಿಸಿಕೊಳ್ಳುವುದನ್ನು ಕಲಿತುಬಿಟ್ಟಿದೆ. ರೈತರೆಂದರೆ ಒಂದೇ ದನಿಯಲ್ಲ. ಬೇಡವೆನ್ನುವ ಹಕ್ಕು ಹೇಗೋ ಬೇಕೆನ್ನುವ ಹಕ್ಕೂ ಹಾಗೆಯೇ ಎಂದು ವಾದಿಸುವ ಸಂಘಟನೆಗಳೂ ಇವೆ.

ಪ್ರಾಣಿಗಳ ಪಾಡು ಇನ್ನೊಂದು ಥರ, ಅವುಗಳನ್ನು ಕೇಳುವ ಪ್ರಶ್ನೆಯೇ ಇಲ್ಲ. ಡೇರಿ ಕರುಗಳ ಕೊಂಬು ಸುಡುವುದು ಹಿಂಸೆ, ಕೊಂಬಿಲ್ಲದ ಹಸುವನ್ನೇ ಹುಟ್ಟಿಸೋಣ ಎಂದು ಅಮೆರಿಕದ ರಿಕಾಂಬಿನೆಟಿಕ್ಸ್ ಕಂಪನಿ ಜೀನ್ ತಿದ್ದಿ ಎರಡು ಹೋರಿಗರುಗಳನ್ನು ತಂದಿತು. ಕರುಣೆಯ ಕೆಲಸವೆಂದೇ ಎಲ್ಲರೂ ಹೊಗಳಿದರು. ತಿದ್ದುಪಡಿ ಶುದ್ಧವಾಗಿದೆ, ಬೇರೇನೂ ಸೇರಿಲ್ಲ ಎಂದು ಕಂಪನಿ ಹೇಳಿಕೊಂಡಿತ್ತು. 2019ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವಿಜ್ಞಾನಿಗಳು ಅದೇ ಹೋರಿಗಳ ಜೀನ್ ಮಾಹಿತಿಯನ್ನು ಮತ್ತೆ ಜಾಲಾಡಿದಾಗ, ತಿದ್ದಲು ಬಳಸಿದ ಬ್ಯಾಕ್ಟೀರಿಯಾ ಡಿಎನ್‌ಎ ತುಣುಕೊಂದು ಒಳಗೇ ಉಳಿದುಬಿಟ್ಟಿದ್ದುದು ಕಂಡಿತು. ಆ್ಯಂಟಿಬಯಾಟಿಕ್‌ಗೆ ಜಗ್ಗದಂತೆ ಮಾಡುವ ಜೀನ್ ಕೂಡ ಅದರಲ್ಲಿತ್ತು. ಕಂಪನಿ ಅದನ್ನು ಹುಡುಕಿಯೇ ಇರಲಿಲ್ಲ. ಈ ತಳಿಯನ್ನು ತರಿಸಿಕೊಳ್ಳಬೇಕೆಂದಿದ್ದ ಬ್ರೆಜಿಲ್‌ನ ಯೋಜನೆ ಅಲ್ಲಿಗೆ ಬಿದ್ದುಹೋಯಿತು.

ಇದೇ ತಪ್ಪು ಮನುಷ್ಯನ ಭ್ರೂಣದಲ್ಲಿ ಆದರೆ? 2018ರ ನವೆಂಬರ್‌ನಲ್ಲಿ ಶೆನ್ಜೆನ್‌ನ ವಿಜ್ಞಾನಿ ಹೆ ಜಿಯಾನ್‌ಕ್ವಿ, ತಾನು ಭ್ರೂಣದಲ್ಲೇ ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಎಂದು ಸಾರಿದ. ಅಪ್ಪನಿಗೆ ಎಚ್‌ಐವಿ, ಮಕ್ಕಳಿಗೆ ಆ ವೈರಸ್ ತಗುಲದಂತೆ ಸಿಸಿಆರ್5 ಎಂಬ ಜೀನನ್ನು ಕೆಡಿಸಿದ್ದೇನೆ ಎಂಬುದು ಅವನ ಸಮಜಾಯಿಷಿ. ವೀರ್ಯವನ್ನು ತೊಳೆದು ಗರ್ಭ ಕಟ್ಟಿಸುವ ಹಳೆಯ ವಿಧಾನದಿಂದಲೇ ಅಪ್ಪನ ಸೋಂಕು ಮಗುವಿಗೆ ದಾಟದಂತೆ ನೋಡಿಕೊಳ್ಳಬಹುದಿತ್ತು. ತಂದೆತಾಯಿಯಿಂದ ಸಹಿ ಹಾಕಿಸಿಕೊಂಡ ಕಾಗದದಲ್ಲಿ ಇದನ್ನು ಏಡ್ಸ್ ಲಸಿಕೆ ಯೋಜನೆ ಎಂದು ಬಣ್ಣಿಸಲಾಗಿತ್ತು. ಜಗತ್ತಿನ ವಿಜ್ಞಾನಿಗಳೆಲ್ಲ ಛೀಮಾರಿ ಹಾಕಿದರು. 2019ರ ಕೊನೆಗೆ ಚೀನಾದ ನ್ಯಾಯಾಲಯ ಮೂರು ವರ್ಷ ಜೈಲು ವಿಧಿಸಿತು. ಆ ಮಕ್ಕಳಿಗೆ ಮುಂದೆ ಹುಟ್ಟುವ ಮಕ್ಕಳಿಗೂ ಆ ತಿದ್ದುಪಡಿ ಹೋಗಬಹುದು. ಅವರಲ್ಲಿ ಯಾರೊಬ್ಬರ ಸಹಿಯೂ ಆ ಕಾಗದದಲ್ಲಿ ಇರಲು ಸಾಧ್ಯವಿರಲಿಲ್ಲ.

ಭ್ರೂಣ ಮುಟ್ಟದೆ, ವಯಸ್ಕ ರೋಗಿಯ ದೇಹದಲ್ಲಷ್ಟೇ ತಿದ್ದುವುದಾದರೆ ಈ ತೊಡಕಿಲ್ಲ. ಕುಡುಗೋಲು ಕಣ ರೋಗಕ್ಕೆ, ಎಂದರೆ ಸಿಕಲ್ ಸೆಲ್ ರಕ್ತಹೀನತೆಗೆ ಬಂದಿರುವ ಕ್ಯಾಸ್ಗೆವಿ ಚಿಕಿತ್ಸೆ ಇಂಥದು. ರೋಗಿಯ ಅಸ್ಥಿಮಜ್ಜೆಯ ಕಾಂಡಕೋಶಗಳನ್ನು ಹೊರತೆಗೆದು, ಕ್ರಿಸ್ಪರ್ ಎಂಬ ವಿಧಾನದಿಂದ ಅವುಗಳ ಜೀನ್ ತಿದ್ದಿ, ಮರಳಿ ಸೇರಿಸುತ್ತಾರೆ. ಹುಟ್ಟಿದ ಮೇಲೆ ನಿಂತುಹೋದ ಭ್ರೂಣಕಾಲದ ಹಿಮೋಗ್ಲೋಬಿನ್ ಮತ್ತೆ ತಯಾರಾಗತೊಡಗುತ್ತದೆ. ನಡುವೆ ತೀಕ್ಷ್ಣವಾದ ಕಿಮೋಥೆರಪಿಯನ್ನೂ ತಡೆದುಕೊಳ್ಳಬೇಕು. 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಒಬ್ಬ ರೋಗಿಗೆ ಬೆಲೆ 22 ಲಕ್ಷ ಡಾಲರ್. ಈ ರೋಗ ಮೈಸೂರು, ಚಾಮರಾಜನಗರ ಭಾಗದ ಕಾಡಂಚಿನ ಜೇನುಕುರುಬರು, ಸೋಲಿಗರಲ್ಲೂ ಇದೆ. ಅವರಿಗೆ ಚಿಕಿತ್ಸೆ ಬೇಕೋ ಬೇಡವೋ ಎಂದು ಕೇಳುವ ಸೌಜನ್ಯವನ್ನು ಆ ಬೆಲೆಯೇ ಉಳಿಸಿಲ್ಲ. ದೆಹಲಿಯ ಸಂಶೋಧನಾ ಸಂಸ್ಥೆ ಐಜಿಐಬಿಯ ವಿಜ್ಞಾನಿಗಳು ಅಗ್ಗದ ದೇಸಿ ಚಿಕಿತ್ಸೆಯೊಂದರ ಹಿಂದೆ ಬಿದ್ದಿದ್ದಾರೆ ಎಂಬುದಷ್ಟೇ ಸಮಾಧಾನ.

ಕ್ರಿಸ್ಪರ್ ಈಗ ಅನ್ನದ ತಟ್ಟೆಗೂ ಹತ್ತಿರ ಬಂದಿದೆ. 2025ರ ಮೇ 4ರಂದು ಕೇಂದ್ರ ಸರ್ಕಾರ ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಬಿಡುಗಡೆ ಮಾಡಿತು. ಅವುಗಳಲ್ಲೊಂದಾದ ‘ಕಮಲಾ’ದ ಮೂಲ ಸಾಂಬಾ ಮಸೂರಿ, ಗಂಗಾವತಿ, ಸಿಂಧನೂರು ಕಡೆಯ ರೈತರ ಬಾಯಲ್ಲಿ ಬಿಪಿಟಿ. ಬೇರೆ ಜೀವಿಯ ಜೀನ್ ಇದರಲ್ಲಿಲ್ಲ, ಇದ್ದದ್ದನ್ನೇ ತಿದ್ದಿದ್ದು. ಇಂಥ ತಳಿಗಳನ್ನು 2022ರ ಮಾರ್ಚ್‌ನಲ್ಲೇ ಕುಲಾಂತರಿ ನಿಯಮಗಳಿಂದ ಹೊರಗಿಟ್ಟಿರುವುದರಿಂದ ಜಿಇಎಸಿ ಮುಂದೆ ಹೋಗಬೇಕಿಲ್ಲ, ಏಳು ಊರಿನ ಸಭೆಯೂ ಬೇಕಿಲ್ಲ. 2024ರ ಜುಲೈನಲ್ಲಿ ಕುಲಾಂತರಿ ಸಾಸಿವೆಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ತೀರ್ಪು ಇಬ್ಭಾಗವಾಗಿತ್ತು. ಸಾಸಿವೆಗೆ ಸಿಕ್ಕ ಒಪ್ಪಿಗೆಯನ್ನು ನ್ಯಾಯಮೂರ್ತಿ ಬಿ.ವಿ. ನಾಗರತ್ನ ರದ್ದು ಮಾಡಿದರೆ, ನ್ಯಾಯಮೂರ್ತಿ ಸಂಜಯ್ ಕರೋಲ್ ಎತ್ತಿಹಿಡಿದರು. ಎಲ್ಲರ ಜೊತೆ ಚರ್ಚಿಸಿ ರಾಷ್ಟ್ರೀಯ ನೀತಿ ರೂಪಿಸಿ ಎಂಬಲ್ಲಿ ಮಾತ್ರ ಇಬ್ಬರೂ ಒಂದಾದರು. ಅದು ಕುಲಾಂತರಿ ಬೆಳೆಗಳ ಮಾತು. ಕಮಲಾ ಆ ಪಟ್ಟಿಯಲ್ಲೇ ಇಲ್ಲ. ಹಾಗೆಂದು ಕಮಲಾ ಬೀಜವನ್ನು ಯಾರನ್ನೂ ಕೇಳದೆ ಮಾರುವಂತಿಲ್ಲ. ಕ್ರಿಸ್ಪರ್‌ನ ಪೇಟೆಂಟ್‌ಗಳು ವಿದೇಶಿ ಸಂಸ್ಥೆಗಳ ಕೈಯಲ್ಲಿವೆ, ಮಾರಾಟಕ್ಕೆ ಮುನ್ನ ಅವರ ಪರವಾನಗಿ ಪಡೆಯಬೇಕು.