ಊರಿನ ಚಿತ್ರ ಪರದೇಶದ ಮನೆಯಲ್ಲಿ

ಗೋಕಾಕ, ಮೂಡಲಗಿ, ಹುಕ್ಕೇರಿ - ಈ ಮೂರು ಊರುಗಳ ಪೈಕಿ ಯಾವುದರಲ್ಲಿಯೇ ಆಗಲಿ, ಎತ್ತರದ ಮಾಳಿಗೆಯೊಂದನ್ನು ಹತ್ತಿ ಸುತ್ತಲೂ ಕಣ್ಣು ಹಾಯಿಸಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಮನೆಗಳ ಬಾಗಿಲು ಯಾವ ದಿಕ್ಕಿಗಾದರೂ ಇರಲಿ, ಅವುಗಳ ಮೇಲಿನ ಡಿಶ್ ಆಂಟೆನಾಗಳು ಮಾತ್ರ ದಕ್ಷಿಣಕ್ಕೂ ಪೂರ್ವಕ್ಕೂ ನಡುವಣ ಆಗ್ನೇಯದತ್ತ ಮುಖ ಮಾಡಿ ನಿಂತಿರುತ್ತವೆ. ಅರಬ್ಬೀ ಸಮುದ್ರದ ಆಚೆ ದುಬೈ ನಗರದಲ್ಲಿ ಇದೇ ರೀತಿ ನೋಡಿದರೆ, ಅನೇಕ ಡಿಶ್‌ಗಳು ನೈಋತ್ಯವನ್ನು ದಿಟ್ಟಿಸುತ್ತಿರುತ್ತವೆ. ಅರಬ್ಬೀ ಭಾಷೆಯ ಕಾರ್ಯಕ್ರಮಗಳನ್ನು ಬಿತ್ತರಿಸುವ ಉಪಗ್ರಹಗಳಿರುವುದು ಆ ಕಡೆ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಡಿಶ್ ಗುಂಪನ್ನು ಬಿಟ್ಟು ಆಗ್ನೇಯಕ್ಕೆ ತಿರುಗಿರುವುದು ಕಂಡರೆ, ಅದು ನಮ್ಮ ಕಡೆಯ ಕುಟುಂಬದ ಮನೆಯಿರಬಹುದೆಂದು ಊಹಿಸಲು ಅಡ್ಡಿಯಿಲ್ಲ.

ದುಡಿಯಲು ಹೊರನಾಡಿಗೆ ಹೋಗುವವರಲ್ಲಿ ಕೆಲವರು ಸಾಮಾನು ಕಟ್ಟುವಾಗ ಊರಿನ ಮನೆಯ ಡಿಶ್ಶನ್ನೂ ಸೆಟ್-ಟಾಪ್ ಬಾಕ್ಸನ್ನೂ ಜೊತೆಗೆ ಕಟ್ಟಿಕೊಳ್ಳುವುದುಂಟು. ಮನೆಯಲ್ಲಿ ಮುದುಕರಿದ್ದರಂತೂ, ಪರಭಾಷೆಯ ನಾಡಿನಲ್ಲಿ ದಿನವಿಡೀ ಒಳಗೇ ಕೂರುವ ಅವರ ಕಿವಿಗೆ ಕನ್ನಡದ ನಾಲ್ಕು ಮಾತು ಬೀಳುವುದು ಸಣ್ಣ ವಿಷಯವಲ್ಲ. ಆದರೆ ಅಲ್ಲಿ ಡಿಶ್ ನಿಲ್ಲಿಸಿ ಗುಂಡಿ ಒತ್ತಿದರೆ ತೆರೆಯ ಮೇಲೆ ಮೂಡುವುದು ‘ಸಿಗ್ನಲ್ ಇಲ್ಲ’ ಎಂಬ ಬರೆಹ. ಪೆಟ್ಟಿಗೆ ಕೆಟ್ಟಿತೆಂದು ಕೆಲವರು ಅದನ್ನು ಎಸೆಯುತ್ತಾರೆ. ಕೆಲವರು ಸಾಲ ಮಾಡಿಯಾದರೂ ಇನ್ನೂ ದೊಡ್ಡ ಡಿಶ್ ಕೊಳ್ಳುತ್ತಾರೆ. ದೊಡ್ಡ ಡಿಶ್ಶಿನಿಂದ ಒಂದು ಊರಿನಲ್ಲಿ ಫಲ ದೊರೆಯಬಹುದು; ಇನ್ನೊಂದು ಊರಿನಲ್ಲಿ ಕಣದಷ್ಟು ಅಗಲದ್ದನ್ನು ತಂದು ನಿಲ್ಲಿಸಿದರೂ ವ್ಯರ್ಥ. ಯಾವ ಊರು ಯಾವ ಬಗೆಯದು ಎಂಬುದನ್ನು ಹಣ ತೆರುವ ಮೊದಲೇ ಒಂದು ಗ್ಲೋಬು ಮತ್ತು ಒಂದು ತುಂಡು ದಾರದಿಂದ ತಿಳಿದುಕೊಳ್ಳಬಹುದು. ಹೇಗೆಂಬುದನ್ನು ನೋಡೋಣ.

ಟೆಲಿವಿಷನ್ನಿನ ಅಲೆಗಳು ಹೆಚ್ಚುಕಡಿಮೆ ಬೆಳಕಿನಂತೆಯೇ ನೇರವಾಗಿ ಸಾಗುತ್ತವೆ, ಭೂಮಿಯೋ ದುಂಡಗಿದೆ. ತೊಡಕೆಲ್ಲ ಹುಟ್ಟುವುದು ಇಲ್ಲಿಯೇ. ನೆಲದ ಮೇಲೆ ೧೦೦ ಮೀಟರು ಎತ್ತರದ ಗೋಪುರ ಕಟ್ಟಿ ಪ್ರಸಾರ ಮಾಡಿದರೆ, ೯ ಮೀಟರು ಎತ್ತರದಲ್ಲಿ ಆಂಟೆನಾ ಕಟ್ಟಿದ ಮನೆಗೆ ಅದು ಸುಮಾರು ೫೦ ಕಿಲೋಮೀಟರುಗಳವರೆಗೆ ಚೆನ್ನಾಗಿ ತಲುಪೀತು. ಅದರಾಚೆ ನೆಲದ ಉಬ್ಬು ಅಡ್ಡ ಬರುತ್ತದೆ. ಬೆಂಗಳೂರಿನ ದೂರದರ್ಶನ ಕೇಂದ್ರ ೧೯೮೧ರ ನವೆಂಬರ್ ೧ರಂದು ಆರಂಭವಾಯಿತು. ಆದರೆ ಬೆಂಗಳೂರಿನಿಂದ ಗೋಕಾಕಕ್ಕೆ ಕಾಗೆ ಹಾರಿದ ದಾರಿಯಲ್ಲಿಯೂ ೪೫೦ ಕಿಲೋಮೀಟರಿಗಿಂತ ಹೆಚ್ಚು ದೂರ. ಆ ಗೋಪುರದ ಮಟ್ಟಿಗೆ ಗೋಕಾಕವೂ ಪರದೇಶವೇ ಆಗಿತ್ತು! ಸಾಲದುದಕ್ಕೆ ಗುಡ್ಡಗಳ ಅಡ್ಡಿ ಬೇರೆ. ಘಟಪ್ರಭೆಯು ೫೨ ಮೀಟರು ಕೆಳಕ್ಕೆ ಧುಮುಕುವ ಮರಳುಗಲ್ಲಿನ ಸೀಮೆಯಲ್ಲಿ ದಿಣ್ಣೆಯೊಂದರ ನೆರಳಿಗೆ ಸಿಕ್ಕ ಮನೆಗೆ ಹತ್ತಿರದ ಗೋಪುರವೂ ಕಾಣದೆ ಹೋಗಬಹುದು. ಮೂಡಲಗಿಯ ಕಡೆಯ ಬಯಲಿನಲ್ಲಿ ಆ ತೊಂದರೆ ಕಡಿಮೆ. ನೆಲದ ಗೋಪುರಗಳ ಆ ಕಾಲವೂ ಈಗ ಮುಗಿಯಿತು. ೨೦೨೨ರ ಹೊತ್ತಿಗೆ ದೂರದರ್ಶನದ ಹಳೆಯ ಮಾದರಿಯ ಭೂಪ್ರಸಾರ ಕೇಂದ್ರಗಳಲ್ಲಿ ಬಹುತೇಕ ಎಲ್ಲವನ್ನೂ ಮುಚ್ಚಲಾಯಿತು.

ಗೋಪುರ ಎತ್ತರವಾದಷ್ಟೂ ಅದು ದೂರಕ್ಕೆ ಕಾಣುತ್ತದೆಯಷ್ಟೆ. ಹಾಗಾದರೆ ೩೫,೭೮೬ ಕಿಲೋಮೀಟರು ಎತ್ತರದ ಗೋಪುರವೊಂದಿದ್ದರೆ? ವಿಷುವದ್ವೃತ್ತದ ಮೇಲೆ ಅಷ್ಟು ಎತ್ತರದಲ್ಲಿ ಪೂರ್ವಾಭಿಮುಖವಾಗಿ ಸುತ್ತುವ ಉಪಗ್ರಹವು, ಭೂಮಿ ಒಂದು ಸುತ್ತು ತಿರುಗುವ ವೇಳೆಗೆ ಸರಿಯಾಗಿ ತಾನೂ ಒಂದು ಸುತ್ತು ಮುಗಿಸುತ್ತದೆ. ಆದ್ದರಿಂದ ನಮಗೆ ಅದು ಆಕಾಶದಲ್ಲಿ ಮೊಳೆ ಹೊಡೆದಿಟ್ಟಂತೆ ನಿಂತಲ್ಲೇ ನಿಂತಿರುತ್ತದೆ. ಇಂಥ ಭೂಸ್ಥಿರ ಉಪಗ್ರಹಗಳಿಂದ ಜಗತ್ತಿಗೆಲ್ಲ ಪ್ರಸಾರ ಮಾಡಬಹುದೆಂದು ಆರ್ಥರ್ ಕ್ಲಾರ್ಕ್ ೧೯೪೫ರಲ್ಲಿಯೇ ಲೇಖನವೊಂದರಲ್ಲಿ ವಿವರಿಸಿದ್ದನು. ಮೂವತ್ತು ವರ್ಷಗಳ ತರುವಾಯ ಅದರ ಭಾರಿ ಪರೀಕ್ಷೆಯೊಂದು ನಮ್ಮ ಮೂರು ಊರುಗಳ ಮಗ್ಗುಲಲ್ಲಿಯೇ ನಡೆಯಿತು. ೧೯೭೫ರ ಆಗಸ್ಟ್‌ನಿಂದ ೧೯೭೬ರ ಜುಲೈವರೆಗೆ, ಅಮೆರಿಕದ ಎ.ಟಿ.ಎಸ್.-೬ ಉಪಗ್ರಹವನ್ನು ಬಳಸಿ, ‘ಸೈಟ್’ ಎಂಬ ಹೆಸರಿನ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಟೆಲಿವಿಷನ್ ತೋರಿಸಲಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳನ್ನು. ಮೂಡಲಗಿಯ ನೆರೆಯ ಮುಧೋಳ, ಜಮಖಂಡಿಗಳು ಆಗ ಬಿಜಾಪುರ ಜಿಲ್ಲೆಗೆ ಸೇರಿದ್ದವು. ಜಿಲ್ಲೆಯ ಗಡಿಗೆರೆ ಈಚೆಗಿದ್ದುದರಿಂದ ಮೂಡಲಗಿ ಪ್ರಯೋಗದ ಹೊರಗುಳಿಯಿತು. ಆ ಹಳ್ಳಿಗಳಲ್ಲಿ ಬಳಸಿದ ಆಂಟೆನಾ ಮೂರು ಮೀಟರು ಅಗಲದ ತಂತಿಬಲೆಯ ತಟ್ಟೆ - ಕೋಳಿಗೂಡಿಗೆ ಹೊದಿಸುವಂಥ ಬಲೆಯೇ. ಅಲೆಯುದ್ದಕ್ಕಿಂತ ಬಲೆಯ ಕಣ್ಣುಗಳು ಬಹಳ ಚಿಕ್ಕವಾಗಿದ್ದರೆ ಅಲೆಯ ಪಾಲಿಗೆ ಅದು ಗಟ್ಟಿ ತಗಡೇ ಸರಿ.

ಇಂದಿನ ಸ್ಥಿತಿ ನೋಡೋಣ. ದೂರದರ್ಶನದ ‘ಚಂದನ’ ವಾಹಿನಿಯನ್ನು ಚಂದಾ ಇಲ್ಲದೆ ಮನೆಗೆ ಮುಟ್ಟಿಸುವ ‘ಡಿಡಿ ಫ್ರೀ ಡಿಶ್’ ಸೇವೆಗೆ ಬಳಕೆಯಾಗುತ್ತಿರುವುದು ೨೦೧೫ರ ನವೆಂಬರಿನಲ್ಲಿ ಹಾರಿಸಿದ ಜಿಸ್ಯಾಟ್-೧೫. ಅದು ನಿಂತಿರುವುದು ಪೂರ್ವ ರೇಖಾಂಶ ೯೩.೫ ಡಿಗ್ರಿಯ ಮೇಲೆ. ಗೋಕಾಕದ ರೇಖಾಂಶ ೭೫ಕ್ಕೆ ಸ್ವಲ್ಪ ಕಡಿಮೆ, ಅಕ್ಷಾಂಶ ೧೬ಕ್ಕೆ ಸ್ವಲ್ಪ ಹೆಚ್ಚು. ತ್ರಿಕೋನಮಿತಿ ಬಲ್ಲ ವಿದ್ಯಾರ್ಥಿಗಳು ಲೆಕ್ಕ ಹಾಕಿದರೆ ಎರಡು ಅಂಕೆಗಳು ದೊರೆಯುತ್ತವೆ. ಉತ್ತರದಿಂದ ಪೂರ್ವದ ಮಾರ್ಗವಾಗಿ ಎಣಿಸಿದ ದಿಗಂಶ ಸುಮಾರು ೧೩೦ ಡಿಗ್ರಿ. ದಿಗಂತದಿಂದ ಮೇಲಕ್ಕೆ ಅಳೆದ ಉನ್ನತಾಂಶ ಸುಮಾರು ೬೧ ಡಿಗ್ರಿ. ಹುಕ್ಕೇರಿಗೂ ಮೂಡಲಗಿಗೂ ಈ ಅಂಕೆಗಳು ಒಂದು ಡಿಗ್ರಿಯಷ್ಟೂ ವ್ಯತ್ಯಾಸವಾಗುವುದಿಲ್ಲ. ೬೦ ಸೆಂಟಿಮೀಟರಿನ ಡಿಶ್ಶಿನ ನೋಟದ ಅಗಲವೇ ಸುಮಾರು ಮೂರು ಡಿಗ್ರಿಯಿರುವುದರಿಂದ ಮೂರೂ ಊರುಗಳಿಗೆ ಒಂದೇ ಅಳತೆ ಸಾಕು. ಡಿಶ್ ಅಷ್ಟೊಂದು ಮೇಲಕ್ಕೆ ನೋಡುತ್ತಿರುವಂತೆ ಕಾಣುವುದಿಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಮನೆಯ ಚಿಕ್ಕ ಡಿಶ್ಶು ಪೂರ್ಣ ಬಟ್ಟಲಲ್ಲ, ದೊಡ್ಡ ಬಟ್ಟಲೊಂದರ ಒಂದು ಪಕ್ಕದ ತುಣುಕು. ಆದ್ದರಿಂದ ಅದು ತನ್ನ ಮುಖದ ನೇರಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಿನಿಂದ ಬರುವ ಅಲೆಗಳನ್ನು ತುದಿಯ ಎಲ್‌ಎನ್‌ಬಿಯತ್ತ ಕೂಡಿಸುತ್ತದೆ.

ಇದೇ ಡಿಶ್ಶನ್ನು ದುಬೈಗೆ ಒಯ್ದೆವೆನ್ನಿ. ಅಲ್ಲಿಂದ ಜಿಸ್ಯಾಟ್-೧೫ ದಿಗಂತಕ್ಕಿಂತ ೩೮ ಡಿಗ್ರಿ ಮೇಲಿದೆ, ಅಡ್ಡಿಯೇನೂ ಇಲ್ಲ. ಆದರೂ ಚಿತ್ರ ಬಾರದು. ಏಕೆ? ಉಪಗ್ರಹವು ಗಾಳಿದೀಪದಂತೆ ಸುತ್ತಲೂ ಬೆಳಕು ಚೆಲ್ಲುವುದಿಲ್ಲ. ಕೈಬ್ಯಾಟರಿಯಂತೆ ಬೇಕಾದ ಕಡೆಗಷ್ಟೇ ಹಾಯಿಸುತ್ತದೆ. ಮನೆಮನೆಗೆ ಪ್ರಸಾರ ಮಾಡುವ ಕೆಯು-ಬ್ಯಾಂಡ್ ಅಲೆಗಳ ಕಟ್ಟನ್ನು ಭಾರತದ ನೆಲಕ್ಕೆ ಹೊಂದುವಂತೆಯೇ ರೂಪಿಸಿರುತ್ತಾರೆ. ಸೂರ್ಯಫಲಕಗಳಿಂದ ದೊರೆಯುವ ವಿದ್ಯುತ್ತು ಮಿತವಾದದ್ದು. ಅದನ್ನು ಬೇಡದ ಕಡೆ ಚೆಲ್ಲಿದರೆ ಹುಕ್ಕೇರಿಯ ಚಿಕ್ಕ ಡಿಶ್ಶಿಗೆ ಸಾಲದೆ ಹೋದೀತು. ಆ ಕಟ್ಟಿನ ಅಂಚು ಗೋಡೆಯಂತೆ ಥಟ್ಟನೆ ಮುಗಿಯುವುದಿಲ್ಲ, ಮುಸ್ಸಂಜೆಯ ಬೆಳಕಿನಂತೆ ಮಸುಳುತ್ತ ಹೋಗುತ್ತದೆ. ಅಂಥ ಕಡೆ ದೊಡ್ಡ ಡಿಶ್ಶಿನಿಂದ ಪ್ರಯೋಜನವುಂಟು. ಅಗಲ ಎರಡರಷ್ಟಾದರೆ ಅಲೆಗಳನ್ನು ಹಿಡಿಯುವ ಕ್ಷೇತ್ರ ನಾಲ್ಕರಷ್ಟಾಗುತ್ತದೆ. ಆದರೆ ಚಂದಾದಾರರ ಸೇವೆಗಳು ಭಾರತದೊಳಗಿನ ಬಳಕೆಗೆಂದೇ ಪರವಾನಗಿ ಪಡೆದವುಗಳೆಂಬುದನ್ನು ಮರೆಯಬಾರದು.

ಕೊಲ್ಲಿಯ ಕನ್ನಡಿಗರಿಗೆ ಇದಕ್ಕಿಂತ ನೇರವಾದ ದಾರಿ ಸಿ-ಬ್ಯಾಂಡ್. ೨೦೨೦ರ ಜನವರಿ ೧೭ರಂದು ಫ್ರೆಂಚ್ ಗಯಾನದ ಕೂರೂ ನೆಲೆಯಿಂದ ಹಾರಿ, ಇನ್ಸ್ಯಾಟ್-೪ಎ ಬಿಟ್ಟ ಸ್ಥಾನವನ್ನು ತುಂಬಿದ ಜಿಸ್ಯಾಟ್-೩೦ ಪೂರ್ವ ರೇಖಾಂಶ ೮೩ ಡಿಗ್ರಿಯ ಮೇಲಿದೆ. ಅದರ ಕೆಯು-ಬ್ಯಾಂಡ್ ಭಾರತಕ್ಕೂ ಅದರ ದ್ವೀಪಗಳಿಗೂ ಮೀಸಲು. ಸಿ-ಬ್ಯಾಂಡಾದರೋ ಕೊಲ್ಲಿಯ ನಾಡುಗಳು, ಏಷ್ಯದ ಹಲವು ದೇಶಗಳು ಮತ್ತು ಆಸ್ಟ್ರೇಲಿಯದವರೆಗೆ ಹಬ್ಬಿದೆ. ಒಂದೇ ಉಪಗ್ರಹದಲ್ಲಿ ಎರಡು ಬಗೆಯ ದೀಪಗಳು! ದುಬೈಯಿಂದ ಅದರ ದಿಗಂಶ ೧೨೯ ಡಿಗ್ರಿ, ಉನ್ನತಾಂಶ ೪೭. ಸಿ-ಬ್ಯಾಂಡಿನ ಬೆಳಕು ವಿಸ್ತಾರವಾದ ನೆಲದ ಮೇಲೆ ಹರಡಿಕೊಳ್ಳುವುದರಿಂದ ತೆಳ್ಳಗಿರುತ್ತದೆ. ಆದ್ದರಿಂದ ಆರು ಅಡಿ, ಎಂಟು ಅಡಿ ಅಗಲದ ಡಿಶ್ ಬೇಕಾಗುತ್ತದೆ. ಬಾಡಿಗೆ ಮನೆಯವರಿಗೆ ಅಷ್ಟು ಜಾಗ ದೊರೆಯುವುದೂ ಕಟ್ಟಡದ ಒಡೆಯರು ಒಪ್ಪುವುದೂ ಕಷ್ಟ. ತ್ರಿಕೋನಮಿತಿಯಲ್ಲಿ ಇದಕ್ಕೆ ಪರಿಹಾರವಿಲ್ಲ.

ಇನ್ನು ಗ್ಲೋಬು ಮತ್ತು ದಾರದ ಮಾತು. ಭೂಸ್ಥಿರ ಉಪಗ್ರಹವು ತನ್ನ ಕೆಳಗಿನ ಬಿಂದುವಿನಿಂದ ಎಲ್ಲ ಕಡೆಗೂ ೮೧ ಡಿಗ್ರಿಗಳವರೆಗೆ ಮಾತ್ರ ಕಾಣುತ್ತದೆ. ನೆಲದ ಮೇಲೆ ಇದು ಸುಮಾರು ೯,೦೦೦ ಕಿಲೋಮೀಟರು. ಗ್ಲೋಬಿನ ಸುತ್ತಳತೆಯ ಕಾಲುಭಾಗಕ್ಕಿಂತ ಹತ್ತನೆಯ ಒಂದರಷ್ಟು ಗಿಡ್ಡವಾದ ದಾರವನ್ನು ಕತ್ತರಿಸಿ, ಅದರ ಒಂದು ತುದಿಯನ್ನು ವಿಷುವದ್ವೃತ್ತದಲ್ಲಿ ೮೩ ಡಿಗ್ರಿ ಪೂರ್ವದ ಮೇಲೆ ಒತ್ತಿಹಿಡಿಯಿರಿ. ಇನ್ನೊಂದು ತುದಿಯನ್ನು ಎಳೆದು ತಿರುಗಿಸಿದರೆ ದುಬೈ, ಮಸ್ಕತ್, ಸಿಂಗಪುರ ಎಲ್ಲವೂ ಆರಾಮವಾಗಿ ಒಳಗೆ ಬರುತ್ತವೆ. ಸಿಡ್ನಿ ಒಳಗಿದ್ದರೂ ಅಂಚಿಗೆ ಹತ್ತಿರ. ಅಲ್ಲಿ ಉಪಗ್ರಹ ದಿಗಂತದಿಂದ ೯ ಡಿಗ್ರಿಯಷ್ಟೇ ಮೇಲಿದ್ದು, ನೆರೆಮನೆಯ ಗೋಡೆಯೊಂದು ಸಾಕು ಅದನ್ನು ಮರೆಮಾಡಲು. ಲಂಡನ್ ಮಾತ್ರ ದಾರಕ್ಕೆ ನಿಲುಕುವುದಿಲ್ಲ. ಅದು ೮೫ ಡಿಗ್ರಿಗೂ ಆಚೆಗಿದೆ. ಅಲ್ಲಿಯ ಕನ್ನಡ ಕುಟುಂಬದ ಪಾಲಿಗೆ ಈ ಉಪಗ್ರಹ ಎಂದೂ ಹುಟ್ಟದ ನಕ್ಷತ್ರ. ಅಮೆರಿಕದ ಮಾತು ಕೇಳುವುದೇ ಬೇಡ. ದುಬೈಯಲ್ಲಿ ದೀಪ ಕಾಣುವಂತಿದ್ದರೂ ಬೆಳಕು ಇತ್ತ ಬೀಳದು, ಲಂಡನ್ನಿನಲ್ಲಿ ದೀಪವೇ ಮರೆ. ಮೊದಲನೆಯದಕ್ಕೆ ದೊಡ್ಡ ಡಿಶ್ ಮದ್ದಾದೀತು, ಎರಡನೆಯದಕ್ಕೆ ಯಾವ ಡಿಶ್ಶೂ ಅಲ್ಲ.

ಮಳೆಯ ವಿಷಯದಲ್ಲಿ ಮಾತ್ರ ಕೊಲ್ಲಿಯವರೇ ಪುಣ್ಯವಂತರು. ಕೆಯು-ಬ್ಯಾಂಡಿನ ಅಲೆಯುದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು; ದಪ್ಪ ಮಳೆಹನಿಗಳು ಅದನ್ನು ಹೀರಿ ಚದುರಿಸಿಬಿಡುತ್ತವೆ. ಏಳೂವರೆ ಸೆಂಟಿಮೀಟರು ಉದ್ದದ ಸಿ-ಬ್ಯಾಂಡ್ ಅಲೆಗಳಿಗೆ ಈ ಬಾಧೆ ಬಹಳ ಕಡಿಮೆ. ಇಲ್ಲಿ ಲೆಕ್ಕಕ್ಕೆ ಬರುವುದು ಮಳೆಯ ಬಿರುಸೇ ಹೊರತು ಒಟ್ಟು ಮೊತ್ತವಲ್ಲ. ಹುಕ್ಕೇರಿಯ ಕಡೆ ಶ್ರಾವಣದ ಜಿಟಿಜಿಟಿ ಮಳೆ ದಿನಗಟ್ಟಲೆ ಹಿಡಿದರೂ ಚಿತ್ರ ನಿಲ್ಲುತ್ತದೆ. ಬೇಸಗೆಯ ಕೊನೆಗೆ ಗುಡುಗಿನೊಡನೆ ಬರುವ ಅಡ್ಡಮಳೆ ಹತ್ತೇ ನಿಮಿಷದಲ್ಲಿ ಅದನ್ನು ಚೂರುಚೂರು ಮಾಡುತ್ತದೆ. ಒಮ್ಮೊಮ್ಮೆ ಅಂಗಳದಲ್ಲಿ ಒಂದು ಹನಿಯೂ ಬೀಳದಿರುವಾಗಲೇ ಚಿತ್ರ ಹೋಗುವುದುಂಟು. ಅಲೆಗಳು ಬರುವ ದಾರಿ ಓರೆಯಾದುದರಿಂದ ಆಗ್ನೇಯಕ್ಕೆ ಎರಡು ಮೂರು ಕಿಲೋಮೀಟರು ದೂರದಲ್ಲಿ ಸುರಿಯುವ ಮಳೆ ಕೂಡ ಅಡ್ಡವಾಗುತ್ತದೆ.

ಡಿಶ್ ನಿಲ್ಲಿಸುವವರಿಗೆ ಸೂರ್ಯನಿಂದ ಒಂದು ಉಚಿತ ನೆರವು ದೊರೆಯುತ್ತದೆ. ಪ್ರತಿವರ್ಷ ಮಾರ್ಚ್ ೧೩ರ ಮತ್ತು ಸಪ್ಟೆಂಬರ್ ೩೦ರ ಸುಮಾರಿಗೆ, ಬೆಳಗಿನ ಹನ್ನೊಂದು ಗಂಟೆಯ ಆಚೀಚೆ, ಗೋಕಾಕದಿಂದ ನೋಡುವಾಗ ಸೂರ್ಯನು ಜಿಸ್ಯಾಟ್-೧೫ರ ಬೆನ್ನ ಹಿಂದೆಯೇ ಹಾಯುತ್ತಾನೆ. ಆ ಕೆಲವು ದಿನ ಕೆಲವು ನಿಮಿಷಗಳ ಕಾಲ ಸೂರ್ಯನ ರೇಡಿಯೋ ಗದ್ದಲ ಉಪಗ್ರಹದ ಮೆಲುದನಿಯನ್ನು ಮುಳುಗಿಸಿ ಚಿತ್ರ ಕೆಡಬಹುದು. ಅದೇ ಹೊತ್ತಿನಲ್ಲಿ ಡಿಶ್ಶಿನ ಮೇಲೆ ಬೇವಿನ ಮರದ ನೆರಳೋ ನೀರಿನ ಟಾಕಿಯ ನೆರಳೋ ಬಿದ್ದಿದ್ದರೆ, ಉಪಗ್ರಹಕ್ಕೂ ಅದೇ ಅಡ್ಡಿಯೆಂದು ತಿಳಿಯಬೇಕು. ಸೂರ್ಯನನ್ನು ಕಣ್ಣಿಟ್ಟು ನೋಡದೆ ನೆರಳನ್ನಷ್ಟೇ ನೋಡಿ ನಿರ್ಧರಿಸಬಹುದಾದ ಪರೀಕ್ಷೆಯಿದು. ಶಾಲೆಯ ಮಾಳಿಗೆಯ ಮೇಲೆ ಒಂದು ಕೋಲು ನೆಟ್ಟರೂ ಸಾಕು. ತರುವಾಯ ತಿರುಪು ಬಿಗಿಯುವಾಗ ತೆರೆಯ ಮೇಲಿನ ಎರಡು ಪಟ್ಟಿಗಳಲ್ಲಿ ‘ಬಲ’ದ ಪಟ್ಟಿಯನ್ನು ನಂಬದೆ ‘ಗುಣ’ದ ಪಟ್ಟಿಯನ್ನೇ ಗಮನಿಸಬೇಕು. ಬಲದ ಪಟ್ಟಿಗೆ ಬರಿಯ ಗದ್ದಲವೂ ಸಾಕು. ಗುಣದ ಪಟ್ಟಿ ಏರುವುದು ಬೇಕಾದ ಸಂಕೇತ ಸರಿಯಾಗಿ ಬಿಡಿಸಿಬಂದಾಗ ಮಾತ್ರ. ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲಿ ಸುಮಾರು ಅರ್ಧ ಲಂಬಕೋನದಷ್ಟು ತಿರುಗಿಸಬೇಕಾದೀತೆಂಬುದೂ ನೆನಪಿರಲಿ. ಉಪಗ್ರಹ ನಮ್ಮ ನೇರ ದಕ್ಷಿಣಕ್ಕಿಲ್ಲದ ಕಾರಣ ಅದರ ಅಲೆಗಳ ಕಂಪನದ ತಲವು ನಮಗೆ ವಾಲಿದಂತೆ ಬರುತ್ತದೆ. ದಿಕ್ಕು ಸರಿಯಿದ್ದೂ ಗುಣ ಏರದಿದ್ದರೆ ಅನೇಕ ಸಲ ಕಾರಣ ಇದೇ.

ಲಂಡನ್ನಿನವರ ಗತಿಯೇನು? ಅವರಿಗೆ ಕನ್ನಡದ ಚಿತ್ರ ಬರುವುದು ಆಕಾಶದಿಂದಲ್ಲ, ಕಡಲ ತಳದ ಗಾಜಿನ ಎಳೆಗಳ ಮೂಲಕ ಅಂತರ್ಜಾಲವಾಗಿ. ಅಲ್ಲಿ ದಿಗಂತದ ಅಡ್ಡಿಯಿಲ್ಲ, ಮಳೆಯ ಭಯವಿಲ್ಲ, ಆದರೆ ತಡವುಂಟು. ಉಪಗ್ರಹಕ್ಕೆ ಏರಿ ಇಳಿಯಲು ಅಲೆಗಳಿಗೆ ಬೇಕಾಗುವುದು ಒಂದು ಸೆಕೆಂಡಿನ ಕಾಲುಭಾಗ. ಅಂತರ್ಜಾಲದ ಚಿತ್ರವಾದರೋ ನಡುವೆ ತಡೆಯದಿರಲೆಂದು ತುಣುಕುತುಣುಕಾಗಿ ಮೊದಲೇ ಕೂಡಿಟ್ಟುಕೊಂಡು ಹೊರಡುವುದರಿಂದ ಹತ್ತಿಪ್ಪತ್ತು ಸೆಕೆಂಡು ಹಿಂದೆ ಬೀಳುವುದು ಸಾಮಾನ್ಯ. ಕ್ರಿಕೆಟ್ ಪಂದ್ಯದ ವೇಳೆ ಹುಕ್ಕೇರಿಯ ತಮ್ಮನು ಫೋನಿನಲ್ಲಿ ‘ಔಟಾದ!’ ಎಂದು ಕೂಗುತ್ತಾನೆ. ಲಂಡನ್ನಿನ ಅಣ್ಣನ ತೆರೆಯ ಮೇಲೆ ಬೌಲರನು ಚೆಂಡನ್ನು ಇನ್ನೂ ಪ್ಯಾಂಟಿಗೆ ತಿಕ್ಕುತ್ತ ನಿಂತಿರುತ್ತಾನೆ.