ನೆರಳು ಕಲಿಸುವ ಪಾಠ

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳು 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಆದುದರಿಂದ ಮೇ ಮೊದಲ ವಾರದಲ್ಲಿಯೂ ಆಗಸ್ಟ್ 8-10ರ ಸುಮಾರಿಗೂ ನಡುಹಗಲಿನ ಸೂರ್ಯನು ಇಲ್ಲಿ ನೆತ್ತಿಯ ಮೇಲೆಯೇ ಬರುವನು; ನೆಟ್ಟ ಕೋಲಿನ ನೆರಳು ಬುಡದಲ್ಲಿಯೇ ಅಡಗುವುದು. ಮೇ ತಿಂಗಳು ರಜೆಯ ಕಾಲ. ಆಗಸ್ಟ್ ಪಾಠಕ್ಕೆ ಅನುಕೂಲ.

ಅದಕ್ಕೆ ವಾರ ಮೊದಲೇ ಶಾಲೆಯಂಗಳದಲ್ಲಿ ಕೋಲು ನೆಟ್ಟು, ಪ್ರತಿದಿನ ಹನ್ನೆರಡೂವರೆಗೆ ಮಕ್ಕಳಿಂದ ನೆರಳನ್ನು ಅಳೆಯಿಸಿದರೆ ಅದು ಗಣಿತ. ಅದರ ಗೆರೆಯನ್ನು ಬರೆಯಿಸಿದರೆ ಚಿತ್ರಕಲೆ. ಆಗ ನಡೆಯುವ ಆಶ್ಲೇಷಾ ಮಳೆಯ ಗಾದೆಗಳನ್ನು ಹಿರಿಯರಿಂದ ಕೇಳಿಸಿ ಬರೆಸಿದರೆ ಭಾಷೆ. ಸೂರ್ಯನನ್ನು ನೇರವಾಗಿ ನೋಡಗೊಡಬಾರದು, ನೆರಳನ್ನೇ ತೋರಿಸಬೇಕು. ಮೋಡ ಕವಿದರೂ ಪಾಠ ನಿಲ್ಲದು: ಬಾಯಿ, ತಳ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಲ್ಲಿರಿಸಿ, ನಿಂತ ಮಳೆನೀರಿನ ಎತ್ತರವನ್ನು ಮಿಲಿಮೀಟರುಗಳಲ್ಲಿ ಅಳೆಯಿಸಬಹುದು.

ತುಂಗಭದ್ರೆಯ ಕಾಲುವೆ ತಲುಪದ ಹೊಲಗಳೂ ಇರುವ ಈ ಸೀಮೆಯಲ್ಲಿ ಮಳೆಯನ್ನರಿಯುವುದೆಂದರೆ ಅನ್ನವನ್ನರಿಯುವುದು. ಆ ಅರಿವು ಎಳವೆಯಲ್ಲಿಯೇ ಮೂಡಬೇಕು.